ಅಬ್ಬರದ ಪ್ರಚಾರ, ಲೆಕ್ಕಕ್ಕೆ ಸಿಗದ ಖರ್ಚು: ಮಂಡ್ಯ ಜಿಲ್ಲೆಯ ನಾಲ್ಕು ತಾಲ್ಲೂಕುಗಳ ಚುನಾವಣಾ ಕಥನ

ಮಂಡ್ಯ: ಕಾವೇರಿ, ಹೇಮಾವತಿ ನೀರಿನ ನಿರೀಕ್ಷೆಯಲ್ಲಿ ಬದುಕುವ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ ಮತ್ತು ನಾಗಮಂಗಲ ತಾಲ್ಲೂಕುಗಳು ರಾಜ್ಯದಲ್ಲಿ ಅತಿ ಹೆಚ್ಚು ಚುನಾವಣಾ ಅಬ್ಬರ ಕಂಡ ಪ್ರದೇಶಗಳ ಸಾಲಿನಲ್ಲಿವೆ. ರಾಜಕೀಯ ಇಲ್ಲಿ ನಿತ್ಯದ ಮಾತು. ಕಬ್ಬಿನ ಗದ್ದೆಯ ಬದುವಿನಿಂದ ಹಳ್ಳಿಯ ಅರಳಿಕಟ್ಟೆಯವರೆಗೆ ಅದರ ಚರ್ಚೆ ನಡೆಯುತ್ತದೆ. ಆದರೆ ಪ್ರಚಾರಕ್ಕೆ ಹರಿಯುವ ಹಣ ಎಷ್ಟು, ಅದರಲ್ಲಿ ಕಾನೂನಿನ ಲೆಕ್ಕಕ್ಕೆ ಬರುವುದು ಎಷ್ಟು, ವೇದಿಕೆಯ ಮಾತಿನಲ್ಲಿ ಉಳಿಯುವ ಕಾಳೆಷ್ಟು, ತೂರಿಹೋಗುವ ಜೊಳ್ಳೆಷ್ಟು ಎಂಬ ವಿಚಾರಣೆ ಮಾತ್ರ ವಿರಳ.

ಈ ನಾಲ್ಕು ತಾಲ್ಲೂಕುಗಳು ಮಂಡ್ಯ ಲೋಕಸಭಾ ಕ್ಷೇತ್ರದ ಎಂಟು ವಿಧಾನಸಭಾ ಕ್ಷೇತ್ರಗಳ ಪೈಕಿ ಶ್ರೀರಂಗಪಟ್ಟಣ, ಮೇಲುಕೋಟೆ, ಕೃಷ್ಣರಾಜಪೇಟೆ ಹಾಗೂ ನಾಗಮಂಗಲ ಕ್ಷೇತ್ರಗಳ ನೆಲೆಗಳು. ಹಿಂದಿನ ಪಾಂಡವಪುರ ಕ್ಷೇತ್ರವು 2008ರ ಪುನರ್ವಿಂಗಡಣೆಯ ನಂತರ ಮೇಲುಕೋಟೆ ಎಂಬ ಹೆಸರು ಪಡೆಯಿತು.

ಹತ್ತು ವರ್ಷ, ಐದು ಲೋಕಸಭಾ ಚುನಾವಣೆ

ಲೋಕಸಭೆಯ ಅವಧಿ ಐದು ವರ್ಷ. ಆ ಲೆಕ್ಕದಲ್ಲಿ 2009ರಿಂದ 2019ರವರೆಗೆ ಮಂಡ್ಯದ ಮತದಾರರು ಮೂರು ಬಾರಿ ಸಂಸದರನ್ನು ಆರಿಸಿದ್ದರೆ ಸಾಕಿತ್ತು. ವಾಸ್ತವದಲ್ಲಿ ಅವರು ಐದು ಬಾರಿ ಮತಗಟ್ಟೆಗೆ ಹೋದರು.

2009ರಲ್ಲಿ ಗೆದ್ದ ಎನ್. ಚಲುವರಾಯಸ್ವಾಮಿ ಅವರು 2013ರಲ್ಲಿ ನಾಗಮಂಗಲದಿಂದ ವಿಧಾನಸಭೆಗೆ ಆಯ್ಕೆಯಾದ ಕಾರಣ ಸ್ಥಾನ ತೆರವಾಯಿತು. ಆ ವರ್ಷದ ಆಗಸ್ಟ್‌ನಲ್ಲಿ ನಡೆದ ಉಪಚುನಾವಣೆಯಲ್ಲಿ ಚಿತ್ರನಟಿ ರಮ್ಯಾ ಗೆದ್ದರು. ಅವರಿಗೆ ದೊರೆತ ಅವಧಿ ಸುಮಾರು ಒಂಬತ್ತು ತಿಂಗಳು. 2014ರಲ್ಲಿ ಸಿ.ಎಸ್. ಪುಟ್ಟರಾಜು ಸಂಸದರಾದರು. 2018ರ ಮೇ ತಿಂಗಳಲ್ಲಿ ಅವರು ಮೇಲುಕೋಟೆಯಿಂದ ಶಾಸಕರಾಗಿ ಆಯ್ಕೆಯಾದಾಗ ಸ್ಥಾನ ಮತ್ತೆ ಖಾಲಿಯಾಯಿತು. 2018ರ ನವೆಂಬರ್ 3ರಂದು ಮತ್ತೊಂದು ಉಪಚುನಾವಣೆ. ಅದರಲ್ಲಿ ಗೆದ್ದ ಎಲ್.ಆರ್. ಶಿವರಾಮೇಗೌಡರು ಸಂಸದರಾಗಿದ್ದುದು ಆರೇಳು ತಿಂಗಳು ಮಾತ್ರ. 2019ರ ಏಪ್ರಿಲ್ 18ರಂದು ಸಾರ್ವತ್ರಿಕ ಚುನಾವಣೆಯೇ ಬಂದಿತು.

ಆರು ತಿಂಗಳ ಸದಸ್ಯತ್ವಕ್ಕಾಗಿ ಇಡೀ ಜಿಲ್ಲೆ ಮತಗಟ್ಟೆಗೆ ಹೋಗಬೇಕಾದುದಕ್ಕೆ ಕಾರಣ ಪ್ರಜಾಪ್ರತಿನಿಧಿ ಕಾಯ್ದೆ 1951ರ 151ಎ ಪ್ರಕರಣ. ಸ್ಥಾನ ತೆರವಾದ ಆರು ತಿಂಗಳೊಳಗೆ ಉಪಚುನಾವಣೆ ನಡೆಯಬೇಕು. ಉಳಿದ ಅವಧಿ ಒಂದು ವರ್ಷಕ್ಕಿಂತ ಕಡಿಮೆಯಿದ್ದರೆ ವಿನಾಯಿತಿ ಇದೆ. 2019ರ ಜೂನ್ 3ಕ್ಕೆ ಮುಗಿಯಬೇಕಿದ್ದ ಲೋಕಸಭೆಯಲ್ಲಿ ಮಂಡ್ಯದ ಸ್ಥಾನ 2018ರ ಮೇ ತಿಂಗಳಲ್ಲೇ ತೆರವಾದುದರಿಂದ ಕೆಲವೇ ದಿನಗಳ ಅಂತರದಲ್ಲಿ ಚುನಾವಣೆ ಅನಿವಾರ್ಯವಾಯಿತು. ಅದೇ ಸಂದರ್ಭದಲ್ಲಿ ಆಂಧ್ರಪ್ರದೇಶದ ಐವರು ಸಂಸದರ ರಾಜೀನಾಮೆ ಜೂನ್ ತಿಂಗಳಲ್ಲಿ ಅಂಗೀಕಾರವಾದ ಕಾರಣ ಅಲ್ಲಿ ಉಪಚುನಾವಣೆ ನಡೆಯಲಿಲ್ಲ.

ಕೆ.ಆರ್. ಪೇಟೆಯ ಮತದಾರರ ಅನುಭವ ಇನ್ನೂ ವಿಶಿಷ್ಟ. ಅಲ್ಲಿನ ಶಾಸಕ ನಾರಾಯಣಗೌಡರು 2019ರಲ್ಲಿ ರಾಜೀನಾಮೆ ನೀಡಿ, ಅನರ್ಹಗೊಂಡು, ಪಕ್ಷ ಬದಲಿಸಿದ ಪರಿಣಾಮ ಅದೇ ವರ್ಷದ ಡಿಸೆಂಬರ್ 5ರಂದು ಉಪಚುನಾವಣೆ ನಡೆಯಿತು. 2018ರ ಮೇ 12, ನವೆಂಬರ್ 3, 2019ರ ಏಪ್ರಿಲ್ 18, ಡಿಸೆಂಬರ್ 5: ಹತ್ತೊಂಬತ್ತು ತಿಂಗಳಲ್ಲಿ ನಾಲ್ಕು ಮತದಾನ. ಪ್ರತಿ ಬಾರಿಯೂ ನೀತಿಸಂಹಿತೆಯಿಂದಾಗಿ ಹೊಸ ಕಾಮಗಾರಿಗಳಿಗೆ ತಡೆ, ಶಿಕ್ಷಕರು ಮತ್ತು ಕಂದಾಯ ಸಿಬ್ಬಂದಿಗೆ ಚುನಾವಣಾ ಕರ್ತವ್ಯ, ಊರೂರಿಗೆ ಪ್ರಚಾರ ವಾಹನಗಳ ಮೆರವಣಿಗೆ. ಲೋಕಸಭಾ ಚುನಾವಣೆ ನಡೆಸುವ ವೆಚ್ಚ ಕೇಂದ್ರ ಸರ್ಕಾರದ್ದು, ವಿಧಾನಸಭೆಯದು ರಾಜ್ಯ ಸರ್ಕಾರದ್ದು. ಎರಡೂ ಅಂತಿಮವಾಗಿ ತೆರಿಗೆದಾರನ ಹಣವೇ. ಸ್ಥಾನ ತೆರವು ಮಾಡಿದವರು ಅದಕ್ಕೆ ಹೊಣೆಯಲ್ಲ.

ಮತದಾರನೊಬ್ಬನಿಗೆ 20 ರೂಪಾಯಿ

ಅಭ್ಯರ್ಥಿಯ ವೆಚ್ಚಕ್ಕೆ ಕಾನೂನು ಮಿತಿ ವಿಧಿಸಿದೆ. ಕರ್ನಾಟಕದಂತಹ ದೊಡ್ಡ ರಾಜ್ಯಗಳಲ್ಲಿ ವಿಧಾನಸಭಾ ಅಭ್ಯರ್ಥಿಯ ಮಿತಿ 2003ರಲ್ಲಿ 10 ಲಕ್ಷ ರೂ., 2011ರಲ್ಲಿ 16 ಲಕ್ಷ, 2014ರಲ್ಲಿ 28 ಲಕ್ಷ ಇತ್ತು. 2022ರ ಜನವರಿಯಲ್ಲಿ ಅದನ್ನು 40 ಲಕ್ಷಕ್ಕೆ ಏರಿಸಲಾಯಿತು. ಲೋಕಸಭಾ ಅಭ್ಯರ್ಥಿಯ ಮಿತಿ 2014ರಲ್ಲಿದ್ದ 70 ಲಕ್ಷದಿಂದ 2022ರಲ್ಲಿ 95 ಲಕ್ಷಕ್ಕೆ ಏರಿತು.

ಈ ನಾಲ್ಕೂ ವಿಧಾನಸಭಾ ಕ್ಷೇತ್ರಗಳಲ್ಲಿ ತಲಾ ಎರಡು ಲಕ್ಷದ ಆಸುಪಾಸಿನಲ್ಲಿ ಮತದಾರರಿದ್ದಾರೆ. ಅಂದರೆ 40 ಲಕ್ಷದ ಮಿತಿಯಲ್ಲಿ ಒಬ್ಬ ಮತದಾರನಿಗೆ ಬರುವುದು ಸುಮಾರು 20 ರೂ. ಹದಿನೇಳು ಲಕ್ಷಕ್ಕೂ ಹೆಚ್ಚು ಮತದಾರರಿರುವ ಲೋಕಸಭಾ ಕ್ಷೇತ್ರದಲ್ಲಿ ಅದು ಐದಾರು ರೂಪಾಯಿಗೆ ಇಳಿಯುತ್ತದೆ. ಈ ಮೊತ್ತದಲ್ಲಿ ಕರಪತ್ರ ಹಂಚಬಹುದು, ಜೀಪಿಗೆ ಡೀಸೆಲ್ ಹಾಕಿಸಬಹುದು, ಕೆಲವು ಸಭೆ ನಡೆಸಬಹುದು. ಬೈಕ್ ರ್ಯಾಲಿ, ಕ್ರೇನ್‌ನಲ್ಲಿ ಎತ್ತುವ ಸೇಬಿನ ಹಾರ, ಜೆಸಿಬಿ ಯಂತ್ರದಿಂದ ಹೂಮಳೆ, ಸಾವಿರಾರು ಜನರಿಗೆ ಬಾಡೂಟ ಇವ್ಯಾವುವೂ ಅದರಲ್ಲಿ ಅಡಗುವುದಿಲ್ಲ.

ಹಾಗಿದ್ದರೆ ಮಿಕ್ಕ ಹಣ ಯಾವ ಲೆಕ್ಕಕ್ಕೆ ಹೋಗುತ್ತದೆ? ಉತ್ತರ ಕಾನೂನಿನ ಬಿರುಕುಗಳಲ್ಲೇ ಇದೆ.

ಮೊದಲನೆಯದು ಕಾಲದ ಬಿರುಕು. ಕಾಯ್ದೆಯ 77ನೇ ಪ್ರಕರಣದ ಪ್ರಕಾರ ಅಭ್ಯರ್ಥಿಯ ಲೆಕ್ಕ ನಾಮಪತ್ರ ಸಲ್ಲಿಸಿದ ದಿನದಿಂದ ಫಲಿತಾಂಶ ಘೋಷಣೆಯ ದಿನದವರೆಗೆ ಮಾತ್ರ. 2023ರ ವಿಧಾನಸಭಾ ಚುನಾವಣೆಯಲ್ಲಿ ನಾಮಪತ್ರ ಸಲ್ಲಿಕೆ ಆರಂಭವಾದದ್ದು ಏಪ್ರಿಲ್ 13ರಂದು. ಅದಕ್ಕೆ ಬಹು ಮುಂಚೆಯೇ ಜೆಡಿಎಸ್‌ನ ಪಂಚರತ್ನ ರಥಯಾತ್ರೆ, ಕಾಂಗ್ರೆಸ್‌ನ ಪ್ರಜಾಧ್ವನಿ ಯಾತ್ರೆ, ಬಿಜೆಪಿಯ ವಿಜಯ ಸಂಕಲ್ಪ ಯಾತ್ರೆಗಳು ರಾಜ್ಯದಲ್ಲಿ ಸಂಚರಿಸಿದ್ದವು. ಆ ತಿಂಗಳುಗಳ ಆಡಂಬರ ಯಾವ ಅಭ್ಯರ್ಥಿಯ ಪುಸ್ತಕಕ್ಕೂ ಏರುವುದಿಲ್ಲ.

ಎರಡನೆಯದು ಪಕ್ಷದ ಬಿರುಕು. ಮಿತಿ ಇರುವುದು ಅಭ್ಯರ್ಥಿಗೆ. ಪಕ್ಷಕ್ಕೆ ಯಾವ ಮಿತಿಯೂ ಇಲ್ಲ. ಅಭ್ಯರ್ಥಿಗಾಗಿ ಪಕ್ಷ ಮಾಡಿದ ವೆಚ್ಚವನ್ನೂ ಅಭ್ಯರ್ಥಿಯ ಖಾತೆಗೆ ಸೇರಿಸಬೇಕೆಂದು ಸುಪ್ರೀಂ ಕೋರ್ಟ್ 1974ರಲ್ಲಿ ಕನ್ವರ್‌ಲಾಲ್ ಗುಪ್ತಾ ಪ್ರಕರಣದಲ್ಲಿ ತೀರ್ಪಿತ್ತಿತ್ತು. ಅದೇ ವರ್ಷ ಕಾಯ್ದೆಗೆ ತಿದ್ದುಪಡಿ ತಂದು ಆ ತೀರ್ಪನ್ನು ನಿಷ್ಫಲಗೊಳಿಸಲಾಯಿತು. 2003ರ ತಿದ್ದುಪಡಿ ವಿನಾಯಿತಿಯನ್ನು ಕಿರಿದುಗೊಳಿಸಿತಾದರೂ ತಾರಾ ಪ್ರಚಾರಕರ ಪ್ರಯಾಣ ವೆಚ್ಚ ಇಂದಿಗೂ ಅಭ್ಯರ್ಥಿಯ ಲೆಕ್ಕದ ಹೊರಗಿದೆ. ಮಾನ್ಯತೆ ಪಡೆದ ಪಕ್ಷವೊಂದು 40 ಮಂದಿಯನ್ನು ಈ ಪಟ್ಟಿಗೆ ಸೇರಿಸಬಹುದು.

ಮೂರನೆಯದು ಅಭಿಮಾನಿಯ ಬಿರುಕು. ಹಾರ, ಪಟಾಕಿ, ಊಟದ ಖರ್ಚು ‘ಅಭಿಮಾನಿಗಳದು’ ಎಂಬ ಸಮಜಾಯಿಷಿ ಸಾಮಾನ್ಯ. ಅಭ್ಯರ್ಥಿಯ ಲಿಖಿತ ಅನುಮತಿಯಿಲ್ಲದೆ ಅವರ ಪರ ಹಣ ವ್ಯಯಿಸುವುದು ಅಪರಾಧವೇ ಹೌದು. ಆದರೆ ಭಾರತೀಯ ದಂಡ ಸಂಹಿತೆಯ ಕಾಲದಲ್ಲಿ ಇದಕ್ಕಿದ್ದ ಗರಿಷ್ಠ ಶಿಕ್ಷೆ 500 ರೂ. ದಂಡ. 2024ರ ಜುಲೈನಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆ ಅದನ್ನು 10,000 ರೂ.ಗೆ ಏರಿಸಿದೆ.

ರಾಜ್ಯಮಟ್ಟದ ಅಂಕಿಗಳು ಒಟ್ಟು ಚಿತ್ರವನ್ನು ಸೂಚಿಸುತ್ತವೆ. ದೆಹಲಿಯ ಸೆಂಟರ್ ಫಾರ್ ಮೀಡಿಯಾ ಸ್ಟಡೀಸ್ ಸಂಸ್ಥೆ 2018ರ ಕರ್ನಾಟಕ ವಿಧಾನಸಭಾ ಚುನಾವಣೆಯಲ್ಲಿ ಪಕ್ಷಗಳು ಮತ್ತು ಅಭ್ಯರ್ಥಿಗಳು ಮಾಡಿದ ವೆಚ್ಚವನ್ನು 9,500 ಕೋಟಿಯಿಂದ 10,500 ಕೋಟಿ ರೂ. ಎಂದು ಅಂದಾಜಿಸಿತ್ತು. ಚುನಾವಣಾ ಆಯೋಗದ ಪ್ರಕಾರ 2018ರಲ್ಲಿ ವಶಪಡಿಸಿಕೊಂಡ ನಗದು, ಮದ್ಯ ಮತ್ತಿತರ ವಸ್ತುಗಳ ಮೌಲ್ಯ ಸುಮಾರು 84 ಕೋಟಿ ರೂ. ಇದ್ದರೆ, 2023ರಲ್ಲಿ ಅದು 375 ಕೋಟಿ ದಾಟಿತು. ಸಿಕ್ಕಿಬಿದ್ದ ಮೊತ್ತವೇ ಇಷ್ಟು.

ಮಾತಿನ ಭರಾಟೆಯಲ್ಲಿ ಮರೆತ ನಾಲೆ

ಹಣದ ಪೋಲಿನಷ್ಟೇ ಗಂಭೀರವಾದುದು ಮಾತಿನ ಪೋಲು. 2019ರ ಲೋಕಸಭಾ ಚುನಾವಣೆಯಲ್ಲಿ ಪಕ್ಷೇತರ ಅಭ್ಯರ್ಥಿ ಸುಮಲತಾ ಅಂಬರೀಷ್ ಮತ್ತು ಜೆಡಿಎಸ್‌ನ ನಿಖಿಲ್ ಕುಮಾರಸ್ವಾಮಿ ನಡುವಿನ ಸ್ಪರ್ಧೆ ದೇಶದ ಗಮನ ಸೆಳೆಯಿತು. ಸುಮಲತಾ ಪರ ಪ್ರಚಾರಕ್ಕಿಳಿದ ನಟರಾದ ದರ್ಶನ್ ಮತ್ತು ಯಶ್ ‘ಜೋಡೆತ್ತು’ ಎನಿಸಿದರು; ಎದುರಾಳಿ ಪಾಳಯದಿಂದ ‘ಕಳ್ಳೆತ್ತು’ ಎಂಬ ಪ್ರತ್ಯುತ್ತರ ಬಂದಿತು. ‘ಸ್ವಾಭಿಮಾನ’, ‘ಮಣ್ಣಿನ ಮಗ’, ‘ಸೊಸೆ’ ಎಂಬ ಪದಗಳು ವಾರಗಟ್ಟಲೆ ಸುದ್ದಿಯಾದವು. ಸುಮಲತಾ ಎಂಬ ಹೆಸರಿನ ಇನ್ನೂ ಮೂವರು ಮಹಿಳೆಯರು ಕಣದಲ್ಲಿದ್ದರು. ಕಬ್ಬಿನ ಬಾಕಿ, ನಾಲೆಯ ಕೊನೆಯ ಭಾಗಕ್ಕೆ ನೀರು, ಅಂತರ್ಜಲ ಕುಸಿತ ಇವೆಲ್ಲ ಭಾಷಣದ ಅಂಚಿಗೆ ಸರಿದವು.

ಕೆ.ಆರ್. ಪೇಟೆಯ 2019ರ ಉಪಚುನಾವಣೆಯಲ್ಲಿ ಅಂದಿನ ಮುಖ್ಯಮಂತ್ರಿ ಬಿ.ಎಸ್. ಯಡಿಯೂರಪ್ಪ ಅವರ ಹುಟ್ಟೂರು ಬೂಕನಕೆರೆ ಇದೇ ತಾಲ್ಲೂಕಿನದೆಂಬುದೇ ಪ್ರಚಾರದ ಮುಖ್ಯ ಸರಕಾಯಿತು.

2023ರ ಮಾರ್ಚ್‌ನಲ್ಲಿ ಶ್ರೀರಂಗಪಟ್ಟಣದ ಇತಿಹಾಸವೇ ಪ್ರಚಾರದ ವಸ್ತುವಾಯಿತು. 1799ರ ಮೇ 4ರಂದು ಆಂಗ್ಲರ ಸೇನೆಯೊಡನೆ ನಡೆದ ಯುದ್ಧದಲ್ಲಿ ಟಿಪ್ಪು ಸುಲ್ತಾನ್ ಇಲ್ಲಿಯೇ ಮಡಿದುದು ದಾಖಲಿತ ಸಂಗತಿ. ಅವನನ್ನು ಕೊಂದವರು ಉರಿಗೌಡ, ನಂಜೇಗೌಡ ಎಂಬ ಇಬ್ಬರು ಒಕ್ಕಲಿಗರೆಂಬ ವಾದವನ್ನು ಬಿಜೆಪಿಯ ಕೆಲವು ನಾಯಕರು ಮುಂದಿಟ್ಟರು. ಪ್ರಧಾನಿ ನರೇಂದ್ರ ಮೋದಿ ಅವರ ಮಂಡ್ಯ ಭೇಟಿಯ ಸಂದರ್ಭದಲ್ಲಿ ಆ ಹೆಸರಿನ ಸ್ವಾಗತ ಕಮಾನು ಎದ್ದಿತು. ವಿವಾದವಾದ ಬಳಿಕ ಬದಲಾಯಿತು. ಸಚಿವರಾಗಿದ್ದ ನಿರ್ಮಾಪಕ ಮುನಿರತ್ನ ಚಲನಚಿತ್ರವನ್ನೂ ಪ್ರಕಟಿಸಿದರು. ನಾಗಮಂಗಲ ತಾಲ್ಲೂಕಿನ ಆದಿಚುಂಚನಗಿರಿ ಮಠದ ನಿರ್ಮಲಾನಂದನಾಥ ಸ್ವಾಮೀಜಿ ಅವರು ಐತಿಹಾಸಿಕ ಆಧಾರವಿಲ್ಲದೆ ಇಂತಹ ಚರ್ಚೆ ಸಲ್ಲದೆಂದ ನಂತರ ಚಿತ್ರ ಕೈಬಿಡಲಾಯಿತು. ಮೇ ತಿಂಗಳ ಫಲಿತಾಂಶದಲ್ಲಿ ಜಿಲ್ಲೆಯ ಏಳು ಸ್ಥಾನಗಳ ಪೈಕಿ ಒಂದೂ ಬಿಜೆಪಿಗೆ ದೊರೆಯಲಿಲ್ಲ.

ಇದಕ್ಕೆ ಎದುರಾಗಿ ಜನರ ಬದುಕಿನ ಪ್ರಶ್ನೆಗಳನ್ನಿಟ್ಟು ನೋಡಬಹುದು. ಪಾಂಡವಪುರ ಸಹಕಾರ ಸಕ್ಕರೆ ಕಾರ್ಖಾನೆಯ ಪುನಶ್ಚೇತನ ಹಲವು ಚುನಾವಣೆಗಳ ಭರವಸೆ. ಅಂತಿಮವಾಗಿ 2020ರಲ್ಲಿ ಸರ್ಕಾರ ಅದನ್ನು 40 ವರ್ಷಗಳ ಅವಧಿಗೆ ನಿರಾಣಿ ಶುಗರ್ಸ್‌ಗೆ ಗುತ್ತಿಗೆ ನೀಡಿತು. ರೈತರ ಪಾಲಿಗೆ ಇಷ್ಟು ಮಹತ್ವದ ತೀರ್ಮಾನ ಚುನಾವಣೆಯ ವೇದಿಕೆಯಲ್ಲಿ ಪರ-ವಿರೋಧ ಚರ್ಚೆಯಾಗಿ ಇತ್ಯರ್ಥವಾಗಲಿಲ್ಲ. ಮಳೆಯಾಶ್ರಿತ ನಾಗಮಂಗಲಕ್ಕೆ ಹೇಮಾವತಿ ನೀರು, ಕೆರೆ ತುಂಬಿಸುವ ಯೋಜನೆಗಳು ಪ್ರತಿ ಭಾಷಣದಲ್ಲೂ ಬರುತ್ತವೆ. ಎಷ್ಟು ಕೆರೆ, ಯಾವ ವರ್ಷದೊಳಗೆ, ಯಾವ ಅನುದಾನದಲ್ಲಿ ಎಂಬ ವಿವರ ಬರುವುದು ಅಪರೂಪ.

ಪ್ರಣಾಳಿಕೆಯ ಭರವಸೆಗೆ ಸಕಾರಣ ಇರಬೇಕು, ಹಣಕಾಸಿನ ಮೂಲವನ್ನು ಸ್ಥೂಲವಾಗಿಯಾದರೂ ಸೂಚಿಸಬೇಕು ಎಂಬ ನಿಯಮ ನೀತಿಸಂಹಿತೆಯಲ್ಲಿದೆ. 2013ರ ಸುಪ್ರೀಂ ಕೋರ್ಟ್ ತೀರ್ಪಿನ ಫಲವಾಗಿ ಆಯೋಗ ಇದನ್ನು ಸೇರಿಸಿತು. ಆದರೆ ವೇದಿಕೆಯ ಮಾತಿಗೆ ಇಂತಹ ಕಟ್ಟು ಇಲ್ಲ.

ಖರ್ಚಿನಿಂದಲೇ ಗೆಲುವಲ್ಲ

ಅಬ್ಬರ ಗೆಲುವನ್ನು ಖಾತರಿಪಡಿಸುತ್ತದೆಯೇ? ಇಲ್ಲಿನ ಫಲಿತಾಂಶಗಳು ಹಾಗೆ ಹೇಳುವುದಿಲ್ಲ. ಮೂರು ಬಾರಿ ಸಂಸದರಾಗಿದ್ದ ನಟ ಅಂಬರೀಷ್ 2008ರಲ್ಲಿ ಶ್ರೀರಂಗಪಟ್ಟಣ ಕ್ಷೇತ್ರದಲ್ಲಿ ಸೋತರು. 2013ರಲ್ಲಿ ಗೆದ್ದ ರಮ್ಯಾ 2014ರಲ್ಲಿ ಸೋತರು. 2018ರ ನವೆಂಬರ್‌ನಲ್ಲಿ ಕಾಂಗ್ರೆಸ್-ಜೆಡಿಎಸ್ ಮೈತ್ರಿಯ ಅಭ್ಯರ್ಥಿಗೆ 3,24,943 ಮತಗಳ ಅಂತರ ಕೊಟ್ಟ ಮತದಾರರೇ ಆರು ತಿಂಗಳೊಳಗೆ ಅದೇ ಮೈತ್ರಿಯ ಅಭ್ಯರ್ಥಿಯನ್ನು 1,25,876 ಮತಗಳಿಂದ ಸೋಲಿಸಿದರು.

ಮಿತವ್ಯಯದ ಪರಂಪರೆಯೂ ರಾಜ್ಯಕ್ಕೆ ಹೊಸದಲ್ಲ. 1952ರಲ್ಲಿ ಸಮಾಜವಾದಿ ಶಾಂತವೇರಿ ಗೋಪಾಲಗೌಡರು ಮಲೆನಾಡಿನಲ್ಲಿ ‘ಒಂದು ಓಟು, ಒಂದು ನೋಟು’ ಎಂದು ಜನರಿಂದಲೇ ಹಣ ಪಡೆದು ಗೆದ್ದರು. ಮತದಾರನಿಗೆ ಹಣ ಕೊಡುವ ಬದಲು ಮತದಾರನಿಂದಲೇ ಹಣ ಕೇಳುವ ಆ ಮಾದರಿಯನ್ನು ರೈತ ಚಳವಳಿಯೂ ಮುಂದುವರಿಸಿತು. ರೈತ ಸಂಘದ ನಾಯಕ ಕೆ.ಎಸ್. ಪುಟ್ಟಣ್ಣಯ್ಯ 1994ರಲ್ಲಿ ಪಾಂಡವಪುರದಿಂದ, 2013ರಲ್ಲಿ ಮೇಲುಕೋಟೆಯಿಂದ ಆಯ್ಕೆಯಾದರು. 2018ರ ಫೆಬ್ರುವರಿಯಲ್ಲಿ ಅವರು ನಿಧನರಾದ ಬಳಿಕ ಸ್ಪರ್ಧಿಸಿ ಸೋತ ಪುತ್ರ ದರ್ಶನ್ ಪುಟ್ಟಣ್ಣಯ್ಯ, 2023ರಲ್ಲಿ ಕಾಂಗ್ರೆಸ್ ಬೆಂಬಲದೊಂದಿಗೆ ಸರ್ವೋದಯ ಕರ್ನಾಟಕ ಪಕ್ಷದಿಂದ ಗೆದ್ದರು.

ಮತದಾರನ ಕೈಯಲ್ಲಿರುವ ಸಾಧನಗಳು

ಪ್ರತಿ ಅಭ್ಯರ್ಥಿಯೂ ಚುನಾವಣೆಗೆ ಪ್ರತ್ಯೇಕ ಬ್ಯಾಂಕ್ ಖಾತೆ ತೆರೆಯಬೇಕು. ಒಬ್ಬ ವ್ಯಕ್ತಿ ಅಥವಾ ಸಂಸ್ಥೆಗೆ 10,000 ರೂ. ಮೀರಿದ ಪಾವತಿಯನ್ನು ನಗದಿನಲ್ಲಿ ಮಾಡುವಂತಿಲ್ಲ. ಕುರ್ಚಿ, ಶಾಮಿಯಾನ, ವಾಹನ, ಊಟ ಎಲ್ಲಕ್ಕೂ ಜಿಲ್ಲಾ ಚುನಾವಣಾಧಿಕಾರಿ ದರಪಟ್ಟಿ ನಿಗದಿಪಡಿಸುತ್ತಾರೆ. ವೆಚ್ಚ ವೀಕ್ಷಕರ ಸಿಬ್ಬಂದಿ ಸಭೆಗಳ ವಿಡಿಯೊ ಚಿತ್ರೀಕರಿಸಿ ಸಮಾನಾಂತರ ಲೆಕ್ಕ ಇಡುತ್ತಾರೆ. ಅಭ್ಯರ್ಥಿ ವೇದಿಕೆಯಲ್ಲಿದ್ದರೆ ತಾರಾ ಪ್ರಚಾರಕರ ಸಭೆಯ ವೆಚ್ಚವೂ ಅವರ ಪಾಲಿಗೆ ಬರುತ್ತದೆ. ಮತದಾರರಿಗೆ ಊಟ, ಉಡುಗೊರೆ ನೀಡುವುದು ಕಾಯ್ದೆಯ 123ನೇ ಪ್ರಕರಣದಡಿ ಭ್ರಷ್ಟಾಚರಣೆ. ಇಂತಹ ಉಲ್ಲಂಘನೆ ಕಂಡ ನಾಗರಿಕರು ಸಿ-ವಿಜಿಲ್ ಆ್ಯಪ್ ಮೂಲಕ ಚಿತ್ರಸಹಿತ ದೂರು ನೀಡಬಹುದು. 100 ನಿಮಿಷದೊಳಗೆ ಕ್ರಮದ ವಿವರ ದೊರೆಯಬೇಕು.

ಫಲಿತಾಂಶ ಬಂದ 30 ದಿನಗಳೊಳಗೆ ಅಭ್ಯರ್ಥಿಗಳು ವೆಚ್ಚದ ಲೆಕ್ಕ ಸಲ್ಲಿಸಬೇಕು. ತಪ್ಪಿದರೆ ಮೂರು ವರ್ಷಗಳವರೆಗೆ ಅನರ್ಹಗೊಳಿಸಲು ಆಯೋಗಕ್ಕೆ ಅಧಿಕಾರವಿದೆ. ಹೆಚ್ಚಿನವರಿಗೆ ತಿಳಿಯದ ಸಂಗತಿ ಇನ್ನೊಂದಿದೆ: 1961ರ ಚುನಾವಣಾ ನಿಯಮಗಳ 88ನೇ ನಿಯಮದ ಪ್ರಕಾರ ಒಂದು ರೂಪಾಯಿ ಶುಲ್ಕ ತೆತ್ತು ಯಾವುದೇ ನಾಗರಿಕ ಈ ಲೆಕ್ಕಪತ್ರವನ್ನು ಜಿಲ್ಲಾ ಚುನಾವಣಾಧಿಕಾರಿಯ ಕಚೇರಿಯಲ್ಲಿ ಪರಿಶೀಲಿಸಬಹುದು.

ಊರ ಮುಂದೆ ಹಾದುಹೋದ ಮೆರವಣಿಗೆಯಲ್ಲಿ ಎಷ್ಟು ವಾಹನಗಳಿದ್ದವು, ಎಷ್ಟು ಮಂದಿ ಉಂಡರು ಎಂಬುದನ್ನು ಹಳ್ಳಿಯವರಷ್ಟು ಖಚಿತವಾಗಿ ಯಾವ ವೀಕ್ಷಕರೂ ಬಲ್ಲವರಲ್ಲ. ಆ ನೆನಪನ್ನು ಸಲ್ಲಿಕೆಯಾದ ಲೆಕ್ಕದೊಂದಿಗೆ ಹೋಲಿಸಿ ನೋಡುವ ಅಭ್ಯಾಸ ಬೆಳೆದರೆ, ಮುಂದಿನ ಚುನಾವಣೆಯಲ್ಲಿ ಹಾರದ ತೂಕಕ್ಕಿಂತ ಮಾತಿನ ತೂಕಕ್ಕೆ ಬೆಲೆ ಬಂದೀತು.