32 ಸಾವಿರ, 1.20 ಲಕ್ಷ, ಜಿಎಸ್‌ಟಿ: ಒಂದೇ ಮನೆಗೆ ಮೂರು ತಕ್ಕಡಿ

ತುರ್ವಿಹಾಳ: ಬಿಪಿಎಲ್ ಕಾರ್ಡ್ ಕೈಯಲ್ಲಿದ್ದರೂ ಪಿಂಚಣಿ ಅರ್ಜಿ ತಿರಸ್ಕಾರ ಆಗಬಹುದು. ಅತ್ತೆಗೆ ಪಿಂಚಣಿ ಬರುವ ಮನೆಯಲ್ಲೇ ಸೊಸೆಗೆ ಗೃಹಲಕ್ಷ್ಮಿ ಬರದೇ ಇರಬಹುದು. ಇದರಲ್ಲಿ ಕಂಪ್ಯೂಟರ್ ತಪ್ಪೇ ಇರಬೇಕು ಅಂತೇನಿಲ್ಲ. ಸರ್ಕಾರ ಬಡತನವನ್ನು ಒಂದೊಂದು ಯೋಜನೆಗೆ ಒಂದೊಂದು ತಕ್ಕಡಿಯಲ್ಲಿ ತೂಗುತ್ತದೆ.

ಮೊದಲು ಪಿಂಚಣಿ. 65 ತುಂಬಿದವರಿಗೆ ಸಂಧ್ಯಾ ಸುರಕ್ಷಾದಲ್ಲಿ ತಿಂಗಳಿಗೆ 1,200 ರೂ., ವಿಧವಾ ವೇತನ 800 ರೂ. ಹೆಚ್ಚು ಬಡವರಿಗೆ ಹೆಚ್ಚು ಹಣ ಅನ್ನುವ ಲೆಕ್ಕ ಇಲ್ಲಿಲ್ಲ. ಮಿತಿಯೊಳಗಿದ್ದರೆ ಪೂರ್ತಿ, ದಾಟಿದರೆ ಸೊನ್ನೆ. ಆ ಮಿತಿ ವರ್ಷಕ್ಕೆ 32,000 ರೂ. ಸಂಧ್ಯಾ ಸುರಕ್ಷಾದಲ್ಲಿ ಗಂಡ–ಹೆಂಡತಿ ಇಬ್ಬರ ಆದಾಯವನ್ನೂ ಕೂಡಿಸುತ್ತಾರೆ. ದಿನಕ್ಕೆ ಹಂಚಿದರೆ ಸುಮಾರು 88 ರೂ. ಆಯಿತು.

ಈಗ ನರೇಗಾ ಕೂಲಿ ನೋಡಿ. 2025–26ರಲ್ಲಿ ರಾಜ್ಯದ ದಿನಗೂಲಿ 370 ರೂ. ಕಲಮಂಗಿ, ಉಮಲೂಟಿ ಕಡೆಯ ದಂಪತಿ ನೂರು ದಿನ ಪೂರ್ತಿ ಮಾಡಿದರೆ 37,000 ರೂ. ಅಂದರೆ ಸರ್ಕಾರವೇ ಕೊಡುವ ಕೂಲಿಯನ್ನು ನೆಟ್ಟಗೆ ಲೆಕ್ಕಕ್ಕೆ ಹಿಡಿದರೆ, 87ನೇ ದಿನಕ್ಕೇ ಸರ್ಕಾರದ ಪಿಂಚಣಿ ಮಿತಿ ದಾಟುತ್ತದೆ! ಮಿತಿ ಹಾಕಿದವರು ಈ ಗುಣಾಕಾರ ಮಾಡಿದಂತೆ ಕಾಣಲ್ಲ.

ತುರ್ವಿಹಾಳ ಊರಿನವರಿಗೆ ಆ ಕೂಲಿಯೂ ಇಲ್ಲ. ಊರು ಪಟ್ಟಣ ಪಂಚಾಯಿತಿ ಆಗಿದೆ, ನರೇಗಾ ಇರೋದು ಗ್ರಾಮ ಪಂಚಾಯಿತಿಗೆ. ಹೊಲಕ್ಕೆ ಹೋಗಿ ದುಡಿಯುವವರು ಅವರೇ, ಕಾಗದದ ಮೇಲೆ ಮಾತ್ರ ಪಟ್ಟಣದವರು.

ರೇಷನ್ ಕಾರ್ಡ್‌ನಲ್ಲೂ ಇದು ತಟ್ಟುತ್ತದೆ. ಬಿಪಿಎಲ್‌ಗೆ ಕುಟುಂಬದ ವಾರ್ಷಿಕ ಆದಾಯ 1.20 ಲಕ್ಷ ರೂ. ಮೀರಬಾರದು. ಹಳ್ಳಿಯಲ್ಲಾದರೆ 3 ಹೆಕ್ಟೇರ್ ಒಣಭೂಮಿ ಅಥವಾ ಅದಕ್ಕೆ ಸಮನಾದ ನೀರಾವರಿ ಜಮೀನು ಮೀರಬಾರದು, ಪಟ್ಟಣದಲ್ಲಾದರೆ ಸಾವಿರ ಚದರಡಿಗಿಂತ ದೊಡ್ಡ ಪಕ್ಕಾ ಮನೆ ಇರಬಾರದು. ಎಡದಂಡೆ ಕಾಲುವೆಯ ಕೆಳಭಾಗದ ರೈತರು ಗಮನಿಸಬೇಕು: ಕಾಲುವೆಗೆ ನೀರು ಬಂತೋ ಇಲ್ಲವೋ, ಪಹಣಿಯಲ್ಲಿ ನೀರಾವರಿ ಅಂತಿದ್ದರೆ ಅದು ನೀರಾವರಿಯೇ. ಮನೆಯಲ್ಲಿ ಇಬ್ಬರಿರಲಿ ಎಂಟು ಮಂದಿ ಇರಲಿ, ಮಿತಿ ಅದೇ 1.20 ಲಕ್ಷ. ತಲೆ ಎಣಿಸೋದು ಅಕ್ಕಿ ಕೊಡುವಾಗ. ಕೇಂದ್ರದ ಅಂತ್ಯೋದಯ ಅಕ್ಕಿಗೆ ಅದೂ ಇಲ್ಲ, ಮನೆಗೆ 35 ಕೆಜಿ ಅಷ್ಟೇ.

ಅಂಗಡಿಯವರಿಗೆ ಬಿಸಿ ಮುಟ್ಟೋದು ಗೃಹಲಕ್ಷ್ಮಿಯಲ್ಲಿ. ತಿಂಗಳಿಗೆ 2,000, ವರ್ಷಕ್ಕೆ 24,000 ರೂ. ಇದಕ್ಕೆ ಆದಾಯ ಮಿತಿಯೇ ಇಲ್ಲ, ಎಪಿಎಲ್ ಕಾರ್ಡ್‌ನವರಿಗೂ ಬರುತ್ತದೆ. ಪಿಂಚಣಿ ಇದ್ದರೆ ಬರಲ್ಲ ಅನ್ನೋದೂ ಸುಳ್ಳು. ಆದರೆ ಯಜಮಾನಿ ಅಥವಾ ಆಕೆಯ ಗಂಡ ಆದಾಯ ತೆರಿಗೆ ಕಟ್ಟುವವರಾಗಿದ್ದರೆ, ಇಲ್ಲವೇ ಜಿಎಸ್‌ಟಿ ರಿಟರ್ನ್ಸ್ ಹಾಕುವವರಾಗಿದ್ದರೆ ಹಣ ಇಲ್ಲ. ನಿಯಮದಲ್ಲಿರುವ ಮಾತು ರಿಟರ್ನ್ಸ್ ಸಲ್ಲಿಕೆ, ಲಾಭ ಅಲ್ಲ. ಸಾಲಕ್ಕೋ ಏಜೆನ್ಸಿಗೋ ಅಂತ ನಂಬರ್ ಮಾಡಿಸಿ, ಪ್ರತಿ ಸಲ ಸೊನ್ನೆ ತೋರಿಸಿದರೂ ಅದು ರಿಟರ್ನ್ಸೇ.

ಹಾಗಂತ ಯುಪಿಐ ಸ್ಕ್ಯಾನರ್ ಇಟ್ಟ ಮಾತ್ರಕ್ಕೆ ಏನೂ ಕಡಿತ ಆಗಲ್ಲ. 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ನೋಟಿಸ್ ಸುದ್ದಿ ಬಂದಾಗ ರಾಜ್ಯದಲ್ಲಿ ಹಲವರು ಸ್ಕ್ಯಾನರ್ ಕಿತ್ತಿಟ್ಟರು. ಸರಕು ಮಾರುವವರಿಗೆ ನೋಂದಣಿ ಮಿತಿ ವರ್ಷಕ್ಕೆ 40 ಲಕ್ಷ ರೂ. ವಹಿವಾಟು, ಸೇವೆಗೆ 20 ಲಕ್ಷ. 40 ಲಕ್ಷ ಅಂದರೆ ದಿನಕ್ಕೆ ಸುಮಾರು 11 ಸಾವಿರದ ವ್ಯಾಪಾರ. ನಗದು, ಯುಪಿಐ ಎರಡೂ ಸೇರಿಯೇ ಈ ಲೆಕ್ಕ.

ಪಿಂಚಣಿಗೆ ಹಾಕುವವರು ಮೊದಲು ಆದಾಯ ಪ್ರಮಾಣಪತ್ರ ತೆಗೆದು ನೋಡಬೇಕು. ಗ್ರಾಮ ಆಡಳಿತಾಧಿಕಾರಿ ವರದಿ ಮೇಲೆ ಬರೆದ ಆ ಅಂಕಿ 5 ವರ್ಷ ನಡೆಯುತ್ತದೆ. ಅದು 32,000 ದಾಟಿದ್ದರೆ ಅರ್ಜಿ ಅಲ್ಲೇ ನಿಲ್ಲುತ್ತದೆ. ಆದಾಯ ತಪ್ಪಾಗಿ ಬರೆದಿದ್ದರೆ ನಾಡಕಚೇರಿಯಲ್ಲಿ ಲಿಖಿತ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಬೇಕು, ಅಲ್ಲಿ ಆಗದಿದ್ದರೆ ಸಿಂಧನೂರು ತಹಶೀಲ್ದಾರ್, ಆಮೇಲೆ ಲಿಂಗಸುಗೂರು ಸಹಾಯಕ ಆಯುಕ್ತರ ಕಚೇರಿ.