ಸೆಲ್ಫಿ ವಿಡಿಯೊದಲ್ಲಿ ಮತದಾನದ ಶಾಯಿ ಬಲಗೈಯಲ್ಲಿ ಕಂಡರೆ ಅದು ನಕಲಿಯೇ?

ಮತ ಹಾಕಿ ಹೊರಗೆ ಬಂದವರೊಬ್ಬರು ಬೆರಳು ತೋರಿಸುತ್ತಾ ಸೆಲ್ಫಿ ವಿಡಿಯೊ ಮಾಡಿ ಫ್ಯಾಮಿಲಿ ಗ್ರೂಪಿಗೆ ಹಾಕಿದರು ಎಂದುಕೊಳ್ಳಿ. ಶಾಯಿ ಹಚ್ಚುವುದು ಎಡಗೈ ತೋರುಬೆರಳಿಗೆ. ಆದರೆ ವಿಡಿಯೊದಲ್ಲಿ ಅದು ಬಲಗೈಯಲ್ಲಿ ಕಾಣುತ್ತಿದೆ. ನಾಲ್ಕು ಗ್ರೂಪ್ ದಾಟುವಷ್ಟರಲ್ಲಿ ಅದರ ಜೊತೆ ಒಂದು ಸಾಲು ಸೇರಿಕೊಳ್ಳುತ್ತದೆ: "ನೋಡಿ, ಶಾಯಿ ಬಲಗೈಗೆ! ಇದು ಕಳ್ಳ ಮತ, ಎಲ್ಲರಿಗೂ ಕಳುಹಿಸಿ."

ಬರೀ ಇಷ್ಟನ್ನೇ ನೋಡಿ ಕಳ್ಳ ಮತ ಎನ್ನಲು ಬರುವುದಿಲ್ಲ. ಬಹಳ ಸಲ ಇಲ್ಲಿ ಅದಲುಬದಲಾಗಿರುವುದು ಕೈಯಲ್ಲ, ಇಡೀ ಚಿತ್ರ. ಫೋನಿನ ಮುಂಬದಿ ಕ್ಯಾಮೆರಾದಲ್ಲಿ ತೆಗೆದ ವಿಡಿಯೊ ಕನ್ನಡಿಯಲ್ಲಿ ಕಂಡಂತೆ ಎಡಬಲ ತಿರುಗಿ ಸೇವ್ ಆಗಿರಬಹುದು.

(ಆ ಶಾಯಿ ತಯಾರಾಗುವುದು ನಮ್ಮ ಮೈಸೂರಿನಲ್ಲೇ. 1937ರಲ್ಲಿ ಶುರುವಾದ ಮೈಸೂರು ಪೇಂಟ್ಸ್ ಆ್ಯಂಡ್ ವಾರ್ನಿಶ್ ಕಾರ್ಖಾನೆ 1962ರ ಸಾರ್ವತ್ರಿಕ ಚುನಾವಣೆಯಿಂದ ಇದನ್ನು ಒದಗಿಸುತ್ತಿದೆ. ಎಡಗೈ ತೋರುಬೆರಳು ಇಲ್ಲದವರಿಗೆ ಅದೇ ಕೈಯ ಬೇರೆ ಬೆರಳಿಗೆ, ಎಡಗೈಯಲ್ಲಿ ಬೆರಳೇ ಇಲ್ಲದಿದ್ದರೆ ಬಲಗೈಗೆ ಹಚ್ಚಬೇಕೆಂದು ಚುನಾವಣಾ ನಿಯಮದಲ್ಲೇ ಇದೆ. ಅಂದರೆ, ಶಾಯಿ ನಿಜಕ್ಕೂ ಬಲಗೈಯಲ್ಲಿದ್ದರೂ ಅದು ತಪ್ಪೇ ಆಗಿರಬೇಕೆಂದಿಲ್ಲ.)

ಕ್ಯಾಮೆರಾ ಕನ್ನಡಿಯಲ್ಲ, ಪರದೆ ಕನ್ನಡಿ

ಮುಂಬದಿ ಕ್ಯಾಮೆರಾದ ಲೆನ್ಸು ನಿಮ್ಮನ್ನು ನೋಡುವುದು ಎದುರಿಗೆ ಕೂತ ಸ್ನೇಹಿತರು ನೋಡುವಂತೆಯೇ. ನಿಮ್ಮ ಎಡಗೈ ಅದಕ್ಕೆ ಬಲಬದಿಯಲ್ಲಿ ಕಾಣುತ್ತದೆ. ಅದನ್ನು ಹಾಗೆಯೇ ಪರದೆಯ ಮೇಲೆ ತೋರಿಸಿದರೆ ನಮಗೆ ಕಷ್ಟ. ಹಣೆಯ ಕುಂಕುಮ ಸರಿಮಾಡಲು ಕೈ ಎತ್ತಿದರೆ ಪರದೆಯಲ್ಲಿ ಕೈ ಇನ್ನೊಂದು ಕಡೆಯಿಂದ ಬರುತ್ತದೆ, ಬಲಕ್ಕೆ ಸರಿದರೆ ಚಿತ್ರ ಎಡಕ್ಕೆ ಹೋಗುತ್ತದೆ. ಹುಟ್ಟಿದಾಗಿನಿಂದ ಕನ್ನಡಿ ನೋಡಿ ಅಭ್ಯಾಸವಾದ ನಮಗೆ ಇದು ಗೊಂದಲ. ಅದಕ್ಕೇ ಕ್ಯಾಮೆರಾ ಆ್ಯಪ್‌ಗಳು ಪರದೆಯ ಚಿತ್ರವನ್ನು ಮಾತ್ರ ಎಡಬಲ ತಿರುಗಿಸಿ ತೋರಿಸುತ್ತವೆ. ವಿಡಿಯೊ ಕಾಲ್‌ನಲ್ಲೂ ಹೀಗೆಯೇ: ನಿಮ್ಮ ಅಂಗಿಯ ಮೇಲಿನ ಅಕ್ಷರ ನಿಮಗೆ ಉಲ್ಟಾ ಕಂಡರೂ ಆ ಕಡೆ ಇರುವವರಿಗೆ ಸಾಮಾನ್ಯವಾಗಿ ಸರಿಯಾಗಿಯೇ ಕಾಣುತ್ತಿರುತ್ತದೆ.

ತಕರಾರು ಶುರುವಾಗುವುದು ಸೇವ್ ಮಾಡುವಾಗ. ಪರದೆಯಲ್ಲಿ ಕಂಡಂತೆ ಉಳಿಸಬೇಕೇ, ಲೆನ್ಸು ಕಂಡಂತೆ ಉಳಿಸಬೇಕೇ? ಇದಕ್ಕೆ ಎಲ್ಲರೂ ಒಪ್ಪಿದ ಒಂದೇ ಉತ್ತರವಿಲ್ಲ. ಫೋನ್ ಕಂಪನಿಗೊಂದು, ಆ್ಯಪ್‌ಗೊಂದು ಪದ್ಧತಿ. ಅಕ್ಷರ ಸರಿಯಾಗಿ ಕಾಣಬೇಕೆಂದರೆ ಲೆನ್ಸು ಕಂಡದ್ದೇ ಸರಿ. ಆದರೆ ಹಾಗೆ ಸೇವ್ ಆದ ತಮ್ಮದೇ ಮುಖ ನೋಡಿ "ನಾನು ಹೀಗಿದ್ದೀನಾ? ಕ್ಯಾಮೆರಾ ಸರಿ ಇಲ್ಲ" ಎನ್ನುವವರು ಬಹಳ. ಇದರ ಬಗ್ಗೆ 1977ರಲ್ಲೇ ಅಮೆರಿಕದ ಮನಶ್ಶಾಸ್ತ್ರಜ್ಞರಾದ ಮಿಟಾ, ಡರ್ಮರ್ ಮತ್ತು ನೈಟ್ ಒಂದು ಅಧ್ಯಯನ ಪ್ರಕಟಿಸಿದ್ದರು. ಒಂದೇ ಫೋಟೊದ ಎರಡು ರೂಪ ತೋರಿಸಿದಾಗ ಫೋಟೊದಲ್ಲಿದ್ದವರು ಹೆಚ್ಚಾಗಿ ಕನ್ನಡಿ ರೂಪವನ್ನು ಮೆಚ್ಚಿದರು, ಅವರ ಆಪ್ತರು ನಿಜರೂಪವನ್ನು ಮೆಚ್ಚಿದರು. ಯಾರು ಯಾವ ಮುಖವನ್ನು ದಿನವೂ ನೋಡುತ್ತಾರೋ ಅವರಿಗೆ ಅದೇ ಚೆಂದ.

ಆ್ಯಪ್ ಮಾಡುವವರಿಗೂ ಇದು ತಲೆನೋವು

"ರೆಕಾರ್ಡ್ ಮಾಡುವಾಗ ಸರಿ ಇತ್ತು, ಪ್ಲೇ ಮಾಡಿದರೆ ಉಲ್ಟಾ" ಎಂಬುದು ವಿಡಿಯೊ ಆ್ಯಪ್ ಮಾಡುವವರಿಗೆ ಬರುವ ಹಳೆಯ ದೂರು. ಕಾರಣ ಸರಳ. ಪರದೆಯ ಚಿತ್ರ ಮತ್ತು ಫೈಲಿಗೆ ಹೋಗುವ ಚಿತ್ರ, ಇವೆರಡರ ದಾರಿ ಬೇರೆ ಬೇರೆ. ಆ್ಯಂಡ್ರಾಯ್ಡ್‌ನ ಕ್ಯಾಮೆರಾಎಕ್ಸ್ ಸಲಕರಣೆಯಲ್ಲಿ ಮುಂಬದಿ ಕ್ಯಾಮೆರಾದ ಪರದೆಚಿತ್ರ ತಾನಾಗಿಯೇ ತಿರುಗುತ್ತದೆ. ರೆಕಾರ್ಡಿಂಗ್ ತಿರುಗಬೇಕಾದರೆ "ಮುಂಬದಿ ಕ್ಯಾಮೆರಾ ಇದ್ದಾಗ ಮಾತ್ರ ತಿರುಗಿಸು" ಎಂದು ಕೋಡ್‌ನಲ್ಲಿ ಹೇಳಬೇಕು. ಐಫೋನ್‌ನಲ್ಲೂ ರೆಕಾರ್ಡಿಂಗಿಗೆ ಬೇರೆಯೇ ಸೂಚನೆ ಕೊಡಬೇಕಾಗುತ್ತದೆ. ಇಲ್ಲಿ ಎಡವಲು ಜಾಗ ಬೇಕಾದಷ್ಟಿದೆ. ಬಹುತೇಕ ಫೋನ್‌ಗಳಲ್ಲಿ ಕ್ಯಾಮೆರಾ ಸೆನ್ಸರನ್ನು ಅಡ್ಡವಾಗಿ ಕೂರಿಸಿರುತ್ತಾರೆ. ಆ ಚಿತ್ರವನ್ನು ನೆಟ್ಟಗೆ ನಿಲ್ಲಿಸುವ ಮೊದಲೇ ಎಡಬಲ ತಿರುಗಿಸಿದರೆ, ವಿಡಿಯೊದಲ್ಲಿ ಮನುಷ್ಯ ತಲೆಕೆಳಗಾಗುತ್ತಾನೆ. ಹಿಂಬದಿ ಕ್ಯಾಮೆರಾಗೆ ಬದಲಿಸಿದಾಗ ಆ ಸೂಚನೆಯನ್ನು ತೆಗೆಯಲು ಮರೆತರೆ ರಸ್ತೆಯ ಬೋರ್ಡುಗಳೆಲ್ಲ ಉಲ್ಟಾ.

ಇನ್ನೊಂದು ವಿಷಯ ಫಾರ್ವರ್ಡ್ ನೋಡುವವರಿಗೂ ಉಪಯೋಗಕ್ಕೆ ಬರುತ್ತದೆ. ಚಿತ್ರವನ್ನು ಮೊದಲು ತಿರುಗಿಸಿ ಆಮೇಲೆ ಅದರ ಮೇಲೆ ಸ್ಟಿಕ್ಕರ್, ಲೋಗೊ, ಅಕ್ಷರ ಹಾಕಿದರೆ ಅವು ಮಾತ್ರ ನೆಟ್ಟಗಿರುತ್ತವೆ. ಹಾಗಾಗಿ ಕೆಳಗಿನ ಸಬ್‌ಟೈಟಲ್ ಸರಿಯಾಗಿ ಓದಲು ಬರುತ್ತದೆ ಎಂಬ ಮಾತ್ರಕ್ಕೆ ವಿಡಿಯೊ ತಿರುಗಿಲ್ಲ ಎಂದುಕೊಳ್ಳಬೇಡಿ. ಹಿಂದಿನ ಅಂಗಡಿಯ ಬೋರ್ಡು ನೋಡಿ.

ತಿರುಗಿದೆಯೇ ಎಂದು ಪತ್ತೆ ಹಚ್ಚುವುದು

ಅಕ್ಷರಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ: ಬೋರ್ಡು, ನಂಬರ್ ಪ್ಲೇಟು, ಅಂಗಿಯ ಮೇಲಿನ ಬರಹ. ಆದರೆ ಇಂಗ್ಲಿಷ್ ದೊಡ್ಡಕ್ಷರದಲ್ಲಿ ಬರೆದ "ಟಾಟಾ"ದಂಥ ಪದಗಳಲ್ಲಿ ಒಂದೊಂದು ಅಕ್ಷರವೂ ಕನ್ನಡಿಯಲ್ಲಿ ಹಾಗೇ ಕಾಣುತ್ತದೆ, ಅಕ್ಷರಗಳ ಕ್ರಮ ಮಾತ್ರ ಬದಲಾಗುತ್ತದೆ. ಇದಕ್ಕೆ ವಿರುದ್ಧವಾದ ಬಲೆಯೂ ಇದೆ: ಆ್ಯಂಬುಲೆನ್ಸ್ ಮುಂಭಾಗದ ಬರಹ. ಮುಂದಿನ ವಾಹನದ ಚಾಲಕರಿಗೆ ಕನ್ನಡಿಯಲ್ಲಿ ಓದಲು ಬರಲಿ ಎಂದು ಅದನ್ನು ಬೇಕೆಂದೇ ಉಲ್ಟಾ ಬರೆದಿರುತ್ತಾರೆ. ವಿಡಿಯೊದಲ್ಲಿ ಅದು ನೆಟ್ಟಗೆ ಕಂಡರೆ ಅಲ್ಲೇ ಅನುಮಾನ ಬರಬೇಕು.

ಅಕ್ಷರವೇ ಇಲ್ಲದಿದ್ದರೆ ಕಾರಿನ ಸ್ಟೇರಿಂಗ್ ನೋಡಬಹುದು. ಭಾರತದಲ್ಲಿ ಅದು ಬಲಗಡೆ, ಚಾಲಕರ ಸೀಟ್ ಬೆಲ್ಟ್ ಬಲ ಭುಜದಿಂದ ಇಳಿಯುತ್ತದೆ. ತಿರುಗಿದ ಸೆಲ್ಫಿಯಲ್ಲಿ ಹಾಸನದ ರಸ್ತೆಯಲ್ಲಿರುವವರೂ ಅಮೆರಿಕದಲ್ಲಿ ಕಾರು ಓಡಿಸುತ್ತಿರುವಂತೆ ಕಾಣುತ್ತಾರೆ. ಗಂಡಸರ ಅಂಗಿಯ ಗುಂಡಿಗಳು ಸಾಮಾನ್ಯವಾಗಿ ಅವರ ಬಲಬದಿಯ ಪಟ್ಟಿಯಲ್ಲಿ ಇರುತ್ತವೆ. ಸೀರೆಯ ಸೆರಗು ಹೆಚ್ಚಾಗಿ ಎಡ ಭುಜದ ಮೇಲೆ. ಇದನ್ನು ಮಾತ್ರ ನೆಚ್ಚಿಕೊಳ್ಳಬೇಡಿ, ಕೊಡವ ಶೈಲಿಯಲ್ಲಿ ಸೆರಗು ಬಲ ಭುಜಕ್ಕೆ ಬರುತ್ತದೆ, ಗುಜರಾತಿ ಶೈಲಿಯಲ್ಲೂ ಹಾಗೆಯೇ. ವಾಚು ಯಾವ ಕೈಯಲ್ಲಿದೆ ಎಂಬುದಂತೂ ಸಾಕ್ಷಿಯೇ ಅಲ್ಲ, ಬಲಗೈಗೆ ಕಟ್ಟುವವರೂ ಬೇಕಾದಷ್ಟು ಜನ ಇದ್ದಾರೆ.

ಹಳೆಯ ವಿಡಿಯೊಗೆ ಹೊಸ ಕತೆ ಕಟ್ಟುವವರೂ ಬೇರೆಯವರ ವಿಡಿಯೊ ಕದಿಯುವವರೂ ಅದನ್ನು ಬೇಕೆಂದೇ ತಿರುಗಿಸುವುದುಂಟು. ಮೂಲ ಸುಲಭಕ್ಕೆ ಸಿಗಬಾರದು ಎಂಬುದು ಉದ್ದೇಶ. ಸ್ಕ್ರೀನ್‌ಶಾಟ್ ಹಾಕಿ ಗೂಗಲ್‌ನಲ್ಲಿ ಹುಡುಕಿದಾಗ ಏನೂ ಸಿಗದಿದ್ದರೆ, ಅದನ್ನೇ ಫ್ಲಿಪ್ ಮಾಡಿ ಇನ್ನೊಮ್ಮೆ ಹುಡುಕಿ ನೋಡಿ.

ಚಿತ್ರ ತಿರುಗಿದ್ದಕ್ಕೆ ಎಡಚನಾದ ಬಿಲ್ಲಿ ದಿ ಕಿಡ್

ತಿರುಗಿದ ಚಿತ್ರ ನಂಬಿ ಮೋಸಹೋಗುವುದು ಸ್ಮಾರ್ಟ್‌ಫೋನ್ ಕಾಲದ್ದಲ್ಲ. ಅಮೆರಿಕದ ಕುಖ್ಯಾತ ಬಂದೂಕುಧಾರಿ ಬಿಲ್ಲಿ ದಿ ಕಿಡ್ ಎಡಚ ಎಂದು ದಶಕಗಳ ಕಾಲ ಜನ ನಂಬಿದ್ದರು. 1958ರಲ್ಲಿ ಅವನ ಮೇಲೆ ಬಂದ ಸಿನಿಮಾದ ಹೆಸರೇ "ದಿ ಲೆಫ್ಟ್ ಹ್ಯಾಂಡೆಡ್ ಗನ್". ಆಧಾರ, ಅವನ ಒಂದು ಫೋಟೊದಲ್ಲಿ ಪಿಸ್ತೂಲು ಎಡ ಸೊಂಟದಲ್ಲಿತ್ತು. ಆದರೆ ಅದು ಟಿನ್‌ಟೈಪ್ ಫೋಟೊ. ಕಬ್ಬಿಣದ ತೆಳು ತಗಡಿನ ಮೇಲೆ ನೇರವಾಗಿ ಮೂಡುವ ಚಿತ್ರವಾದ್ದರಿಂದ ಅದು ಕನ್ನಡಿಯಂತೆ ತಿರುಗಿಯೇ ಇರುತ್ತದೆ. ಗುಟ್ಟು ಬಿಟ್ಟುಕೊಟ್ಟದ್ದು ಅವನ ಕೈಯಲ್ಲಿದ್ದ 1873ರ ಮಾದರಿಯ ವಿಂಚೆಸ್ಟರ್ ರೈಫಲ್. ಅದರಲ್ಲಿ ಗುಂಡು ತುಂಬುವ ಕಿಂಡಿ ಇರುವುದು ಬಲಬದಿಯಲ್ಲಿ, ಫೋಟೊದಲ್ಲಿ ಮಾತ್ರ ಎಡಬದಿಯಲ್ಲಿ.

ಡಾಕ್ಟರಿಗೆ ಕಳುಹಿಸುವ ಮುನ್ನ

ನಕ್ಕು ಸುಮ್ಮನಾಗಲು ಬಾರದ ಜಾಗ ಇದು. ಕುತ್ತಿಗೆಯ ಗಂಟು, ಚರ್ಮದ ಮೇಲಿನ ಕಲೆ, ಬಾಯಿ ಒಂದು ಕಡೆಗೆ ವಾಲಿದ್ದು ಇವನ್ನೆಲ್ಲ ಈಗ ವಿಡಿಯೊ ಮಾಡಿ ವಾಟ್ಸಾಪ್‌ನಲ್ಲಿ ಡಾಕ್ಟರಿಗೆ ಕಳುಹಿಸುತ್ತೇವೆ. ತಿರುಗಿದ ವಿಡಿಯೊದಲ್ಲಿ ಎಡಗಡೆಯ ತೊಂದರೆ ಬಲಗಡೆ ಕಾಣುತ್ತದೆ, ಮತ್ತು ವೈದ್ಯರಿಗೆ ಅದು ಗೊತ್ತಾಗಲು ದಾರಿಯೇ ಇರುವುದಿಲ್ಲ. ಸಾಧ್ಯವಾದರೆ ಹಿಂಬದಿ ಕ್ಯಾಮೆರಾದಿಂದ ಬೇರೆಯವರ ಕೈಯಲ್ಲಿ ತೆಗೆಸಿ. ಒಬ್ಬರೇ ಇದ್ದರೆ ವಿಡಿಯೊದಲ್ಲೇ ಬಾಯಿಬಿಟ್ಟು ಹೇಳಿ: "ಇದು ನನ್ನ ಎಡಗೈ." ಧ್ವನಿ ತಿರುಗುವುದಿಲ್ಲ. (ಬಾಯಿ ಇದ್ದಕ್ಕಿದ್ದಂತೆ ವಾಲಿದ್ದರೆ ವಿಡಿಯೊ ಮಾಡುತ್ತ ಕೂರದೆ ಆಸ್ಪತ್ರೆಗೆ ಹೊರಡಿ.)

ನಿಮ್ಮ ಫೋನ್ ಏನು ಮಾಡುತ್ತಿದೆ ಎಂದು ತಿಳಿಯಲು ಒಂದು ನಿಮಿಷ ಸಾಕು. ಒಂದು ಪೇಪರು ಹಿಡಿದು ಮುಂಬದಿ ಕ್ಯಾಮೆರಾದಲ್ಲಿ ವಿಡಿಯೊ ಮಾಡಿ, ಗ್ಯಾಲರಿಯಲ್ಲಿ ತೆರೆದು ಹೆಡ್‌ಲೈನ್ ಓದಿ. ಉಲ್ಟಾ ಇದ್ದರೆ ಐಫೋನ್‌ನಲ್ಲಿ ಸೆಟ್ಟಿಂಗ್ಸ್‌ನ ಕ್ಯಾಮೆರಾ ವಿಭಾಗದಲ್ಲಿರುವ "ಮಿರರ್ ಫ್ರಂಟ್ ಕ್ಯಾಮೆರಾ" ಆಫ್ ಮಾಡಿ. ಸ್ಯಾಮ್‌ಸಂಗ್‌ನಲ್ಲಿ ಕ್ಯಾಮೆರಾ ಸೆಟ್ಟಿಂಗ್ಸ್ ಒಳಗೆ "ಸೇವ್ ಸೆಲ್ಫೀಸ್ ಆ್ಯಸ್ ಪ್ರಿವ್ಯೂಡ್" ಎಂದಿರುತ್ತದೆ, ಬೇರೆ ಫೋನ್‌ಗಳಲ್ಲಿ "ಮಿರರ್" ಎಂಬ ಪದ ಹುಡುಕಿ. ಈಗಾಗಲೇ ತೆಗೆದಿಟ್ಟ ವಿಡಿಯೊ ಆದರೆ ಎಡಿಟಿಂಗ್ ಆ್ಯಪ್‌ನಲ್ಲಿ ಫ್ಲಿಪ್ ಬಟನ್ ಒತ್ತಿ. "ರೊಟೇಟ್" ಒತ್ತಿದರೆ ಚಿತ್ರ ಅಡ್ಡಲಾಗುತ್ತದೆಯೇ ಹೊರತು ಅಕ್ಷರ ನೆಟ್ಟಗಾಗುವುದಿಲ್ಲ.