ಮೊದಲು ನೀರು, ಆಮೇಲೆ ಮೀನು

ಜಯನಗರ, ಜೆ.ಪಿ. ನಗರದ ಮನೆಗಳಲ್ಲಿ ಹವಳದ ಅಕ್ವೇರಿಯಂ ಇಟ್ಟವರು ಅದರ ಪಕ್ಕದಲ್ಲೇ ಬಾಟಲಿಗಳಲ್ಲಿ ಹಸಿರು ನೀರು ಬೆಳೆಸಿ, ಅದರಲ್ಲಿ ಕಣ್ಣಿಗೆ ಕಂಡೂ ಕಾಣದಷ್ಟು ಸಣ್ಣ ರೋಟಿಫರ್, ಕೋಪೆಪಾಡ್‌ಗಳನ್ನು ಸಾಕುವುದುಂಟು. ಈ ಜೀವಂತ ಪ್ಲ್ಯಾಂಕ್ಟನ್ ಸಾಕಣೆಯನ್ನು ಪರದೇಶದಿಂದ ಬಂದ ಶೋಕಿ ಎಂದು ತಳ್ಳಿಹಾಕುವವರಿದ್ದಾರೆ. ಉಪಕರಣಗಳು ಹೊರಗಿನಿಂದ ಬಂದಿರಬಹುದು. ಅದರ ಹಿಂದಿನ ತಿಳಿವಳಿಕೆ ಮಾತ್ರ ನಮ್ಮ ಕೊಳಗಳ ಮೀನು ಸಾಕಣೆಯಲ್ಲಿ ಆಗಲೇ ಇತ್ತು. ಅದಕ್ಕೆ ನಮ್ಮ ದೇಶದಲ್ಲೇ ಸಾಕ್ಷಿ ಇದೆ; ಅದನ್ನು ಕಡೆಗಣಿಸಿದ್ದಕ್ಕೆ ಬೆಂಗಳೂರಿನ ನೀರಿನ ಚರಿತ್ರೆಯಲ್ಲೂ ಸಾಕ್ಷಿ ಇದೆ.

ಕಡೆಗಣಿಸಿದ ಕತೆ ಮೊದಲು. ಮಲೇರಿಯಾ ಹತೋಟಿಗೆಂದು ಅಮೆರಿಕ ಮೂಲದ ಗ್ಯಾಂಬೂಸಿಯಾ ಮೀನನ್ನು 1928ರಲ್ಲಿ ಇಟಲಿಯಿಂದ ಭಾರತಕ್ಕೆ ತಂದರು; ಅದು ಮೊದಲು ಬಂದಿಳಿದದ್ದು ಬೆಂಗಳೂರಿಗೇ. ಜ್ವರದಿಂದ ಜನ ಸಾಯುತ್ತಿದ್ದ ಕಾಲದಲ್ಲಿ ಸೊಳ್ಳೆಮರಿ ತಿನ್ನುವ ಮೀನನ್ನು ನೀರಿಗೆ ಬಿಟ್ಟವರನ್ನು ದೂರುವುದು ನ್ಯಾಯವಲ್ಲ. ಆದರೆ ಆ ಮೀನು ಸೊಳ್ಳೆಮರಿಯೊಂದನ್ನೇ ಹುಡುಕಿ ತಿನ್ನುವುದಿಲ್ಲ. ಅಮೆರಿಕದ ಪ್ರಯೋಗವೊಂದರ ಫಲಿತಾಂಶ 1972ರಲ್ಲಿ ಪ್ರಕಟವಾಯಿತು: ಗ್ಯಾಂಬೂಸಿಯಾ ಬಿಟ್ಟ ಕೊಳಗಳಲ್ಲಿ ರೋಟಿಫರ್, ಸಣ್ಣ ಕಠಿಣಚರ್ಮಿ, ಕೀಟಗಳೆಲ್ಲ ಕುಗ್ಗಿ, ಅವು ಮೇಯುತ್ತಿದ್ದ ಪಾಚಿ ವಿಪರೀತ ಬೆಳೆದಿತ್ತು. ಭೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಊರುಗಳ ಹೆಸರು ಹೊತ್ತ ಬಿ.ಟಿ.ಎಂ. ಬಡಾವಣೆಯಿರುವ ಬೆಂಗಳೂರಿನ ಈ ಭಾಗದಲ್ಲಿ ಕೆರೆ ಹಸಿರುಗಟ್ಟಿದರೆ ನಾವು ಬೈಯುವುದು ಚರಂಡಿಯನ್ನು. ಅದು ಸರಿಯೇ. ಆದರೆ ಆ ಪಾಚಿಯನ್ನು ಮೇಯಬೇಕಾದ ಜೀವಿಗಳು ಎಲ್ಲಿ ಹೋದವು ಎಂದು ಕೇಳುವುದಿಲ್ಲ.

ಮೀನು ಬಿತ್ತನೆ ಮಾಡುವವರು ಆ ಪ್ರಶ್ನೆಯನ್ನು ಮರೆತಿರಲಿಲ್ಲ. 1957ರಲ್ಲಿ ಕಟಕ್‌ನಲ್ಲಿ ಹೀರಾಲಾಲ್ ಚೌಧುರಿ ಅವರು ಪಿಟ್ಯುಟರಿ ಚುಚ್ಚುಮದ್ದಿನಿಂದ ಗೆಂಡೆ ಜಾತಿಯ ಮೀನುಗಳಿಗೆ ಮೊಟ್ಟೆ ಇಡಿಸಿದ ಮೇಲೆ ಮರಿಗಳಿಗೇನೂ ಬರವಿರಲಿಲ್ಲ. ಅವನ್ನು ಉಳಿಸಿಕೊಳ್ಳುವುದೇ ಕಷ್ಟವಾಯಿತು. ಅದಕ್ಕೆ ಕಂಡುಕೊಂಡ ಕ್ರಮ ಸರಳ. ಕೊಳದಲ್ಲಿರುವ ಬೇಟೆಮೀನುಗಳನ್ನು ತೆಗೆಯುವುದು, ಸುಣ್ಣ ಹಾಕುವುದು, ಮರಿ ಬಿಡುವ ಸುಮಾರು 15 ದಿನ ಮೊದಲು ಸಗಣಿ ಗೊಬ್ಬರ ಕೊಡುವುದು, ನೀರಿನಲ್ಲಿ ಜೀವ ತುಂಬುವವರೆಗೆ ಕಾಯುವುದು. 50 ಲೀಟರ್ ನೀರನ್ನು ಸಣ್ಣ ಬಲೆಯಲ್ಲಿ ಸೋಸಿದರೆ 1ರಿಂದ 2 ಮಿಲಿಲೀಟರ್ ಪ್ಲ್ಯಾಂಕ್ಟನ್ ತಳದಲ್ಲಿ ಕೂರಬೇಕು. ಕೂತರೆ ಕೊಳ ಸಿದ್ಧ. 1969ರಲ್ಲಿ ಶುರುವಾದ ಮಂಗಳೂರಿನ ಮೀನುಗಾರಿಕಾ ಕಾಲೇಜಿನಂಥ ಸಂಸ್ಥೆಗಳು ಕಲಿಸಿದ ವಿದ್ಯೆ ಇದು.

ಕೆರೆಯ ಸಿಹಿನೀರಿಗೂ ಲೀಟರಿಗೆ ಸುಮಾರು 35 ಗ್ರಾಂ ಉಪ್ಪಿರುವ ಕಡಲಿಗೂ ಏನು ಸಂಬಂಧ ಎಂದು ಯಾರಾದರೂ ಕೇಳಬಹುದು. ಜೀವಿಗಳ ಜಾತಿ ಬೇರೆ, ಒಪ್ಪೋಣ; ಕೆಲಸದ ಕ್ರಮ ಬೇರೆಯಲ್ಲ. 1961ರಲ್ಲಿ ತನ್ನ ಪದ್ಧತಿಯನ್ನು ಲೋಕಕ್ಕೆ ತಿಳಿಸಿದ ಜಕಾರ್ತಾದ ಲೀ ಚಿನ್ ಎಂಗ್ ದೊಡ್ಡ ಯಂತ್ರಗಳಿಲ್ಲದೆ, ಕಡಲ ನೀರು, ಜೀವ ತುಂಬಿದ ಬಂಡೆ, ಗಾಳಿಗುಳ್ಳೆಗಳಿಂದಲೇ ಹವಳ ಸಾಕಿದ. ಅವನಿಗೆ ಕಡಲು ಪಕ್ಕದಲ್ಲಿತ್ತು. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲಿ ಕ್ಲೋರಿನ್ ಹಾಕಿದ ಕಾವೇರಿ ನೀರನ್ನು ಶುದ್ಧಮಾಡಿ ಉಪ್ಪು ಬೆರೆಸಿದರೆ ದೊರೆಯುವುದು ಜೀವವಿಲ್ಲದ ಕಡಲು. ಕೊಳೆ ತೆಗೆಯಲೆಂದು ಇಟ್ಟ ಸ್ಕಿಮ್ಮರ್ ಪ್ಲ್ಯಾಂಕ್ಟನ್ನಿನ ಒಂದು ಪಾಲನ್ನೂ ಎಳೆದುಹಾಕುತ್ತದೆ. ಅಮೆರಿಕದ ಸ್ಮಿತ್ಸೋನಿಯನ್ ಸಂಸ್ಥೆಯ ವಾಲ್ಟರ್ ಅಡೆ, ಮೀನಿನ ಬಾಯಿಗೆ ಸಿಗದಂತೆ ಸಣ್ಣಜೀವಿಗಳಿಗೆ ಪ್ರತ್ಯೇಕ ಆಶ್ರಯತೊಟ್ಟಿ ಬೇಕೆಂದು ವಾದಿಸಿದರು. ಬೇಟೆಮೀನು ತೆಗೆದ ಮರಿಕೊಳವೂ ಅದೇ ಉಪಾಯವಲ್ಲವೇ?

ಶೈತ್ಯೀಕರಿಸಿದ ಆಹಾರ ಅಂಗಡಿಯಲ್ಲೇ ಸಿಗುವಾಗ ಈ ಪಾಡೇಕೆ ಎಂಬ ಆಕ್ಷೇಪ ಇನ್ನೂ ಬಲವಾದದ್ದು. ಬೆಳೆದ ಕ್ಲೌನ್ ಮೀನಿಗೆ ಅದು ಸಾಕು. ಆಗಷ್ಟೇ ಮೊಟ್ಟೆಯೊಡೆದ ಮರಿಗೆ ಸಾಲದು. ಮೊದಲ ದಿನಗಳಲ್ಲಿ ಅದಕ್ಕೆ ಬಾಯಿಗೆ ಹಿಡಿಯುವಷ್ಟು ಸಣ್ಣದಾಗಿ, ಕಣ್ಣೆದುರು ಚಲಿಸುವ ರೋಟಿಫರ್ ಬೇಕು. ಕೇಂದ್ರೀಯ ಕಡಲ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಮಂಡಪಂ ಕೇಂದ್ರದಲ್ಲಿ ಕ್ಲೌನ್ ಮರಿಗಳನ್ನು ಬೆಳೆಸಿದ್ದೂ ಜೀವಂತ ಆಹಾರದಿಂದಲೇ. ಹೀಗೆ ತೊಟ್ಟಿಯಲ್ಲಿ ಹುಟ್ಟಿ ಬೆಳೆದ ಪ್ರತಿ ಮೀನೂ ಕಡಲಿನಿಂದ ಕಿತ್ತು ತರಬೇಕಾದ ಒಂದು ಮೀನನ್ನು ಉಳಿಸಬಲ್ಲದು. ಗಟ್ಟಿ ಹವಳಗಳೆಲ್ಲವೂ 2001ರಿಂದ ವನ್ಯಜೀವಿ ಕಾಯ್ದೆಯ ರಕ್ಷಣೆ ಪಡೆದಿರುವ ನಮ್ಮ ದೇಶದಲ್ಲಿ ಈ ಹವ್ಯಾಸಕ್ಕೆ ಸಮರ್ಥನೆ ಇದ್ದರೆ ಅದು ಇಲ್ಲಿಂದಲೇ ಬರಬೇಕು. ಕೋಪೆಪಾಡ್ ಹೆಕ್ಕಿ ತಿನ್ನುತ್ತಲೇ ದಿನ ಕಳೆಯುವ ಮ್ಯಾಂಡರಿನ್ ಮೀನನ್ನು ಹೊಸ ತೊಟ್ಟಿಗೆ ತಂದರೆ ಅದು ಸಾಮಾನ್ಯವಾಗಿ ಹಸಿವಿನಿಂದಲೇ ಸಾಯುತ್ತದೆ. ಅದನ್ನು ಕೊಳ್ಳಬೇಕೆನ್ನುವವರು ಮೊದಲು ಆಶ್ರಯತೊಟ್ಟಿ ಕಟ್ಟಿ, ಗಾಜಿನ ಮೇಲೆ ಕೋಪೆಪಾಡ್‌ಗಳು ಬರಿಗಣ್ಣಿಗೆ ಕಾಣುವಷ್ಟು ಹೆಚ್ಚುವವರೆಗೆ, ತಿಂಗಳುಗಳೇ ಹಿಡಿದರೂ ಕಾಯಬೇಕು.